ಗನ್‌ಫೌಂಡ್ರಿಯ ಹುಡುಗರ ಶಾಲೆ ಮತ್ತು ನಮ್ಮ ಅಡ್ಮಿಷನ್ ಫಾರ್ಮ್

ಹೋದ ತಿಂಗಳು ಮಗನ ಅಡ್ಮಿಷನ್ ಫಾರ್ಮ್ ತುಂಬುತ್ತಾ ಕೂತಿದ್ದೆ. ಭಾಷೆ ಅನ್ನೋ ಕಾಲಂನಲ್ಲಿ ತೆಲುಗು, ಹಿಂದಿ ಇತ್ತು. ಕನ್ನಡ ಇರಲಿಲ್ಲ. ಹೈದರಾಬಾದಿಗೆ ಕೆಲಸಕ್ಕೆ ಬಂದ ನಮಗೆ ಇದೇನು ಹೊಸದಲ್ಲ ಬಿಡಿ. ಆದರೆ ಈ ಊರಿನ ಶಾಲೆಗೆ ಯಾವ ಭಾಷೆ ಅಂತ ಮೊದಲು ಯಾರು ತೀರ್ಮಾನ ಮಾಡಿದ್ದು ಅನ್ನೋ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು.

ಅಬಿಡ್ಸ್ ಹತ್ತಿರ ಗನ್‌ಫೌಂಡ್ರಿ ಅಂತ ಜಾಗ ಇದೆಯಲ್ಲ, ಹಳಬರ ಬಾಯಲ್ಲಿ ಅದು 'ತೋಪ್ ಕಾ ಸಾಂಚಾ'. ನಿಜಾಮರ ಸೇನೆಯಲ್ಲಿದ್ದ ಫ್ರೆಂಚ್ ಅಧಿಕಾರಿ ರೇಮಂಡ್ 18ನೇ ಶತಮಾನದ ಕೊನೆಯಲ್ಲಿ ಅಲ್ಲಿ ಫಿರಂಗಿ ಎರಕ ಹೊಯ್ಯಿಸುತ್ತಿದ್ದ. ಅದೇ ಗನ್‌ಫೌಂಡ್ರಿಯಲ್ಲಿ ಆಲ್ ಸೇಂಟ್ಸ್ ಹೈಸ್ಕೂಲ್ ಇದೆ. ಕ್ರಿಕೆಟ್ ನೋಡೋರಿಗೆ ಅಜರುದ್ದೀನ್ ಓದಿದ ಶಾಲೆ ಅಂದ್ರೆ ಗೊತ್ತಾಗುತ್ತೆ. ಈ ಹುಡುಗರ ಶಾಲೆ ಶುರುವಾದದ್ದು 1855ರಲ್ಲಿ. ಶುರು ಮಾಡಿದವರು ಕ್ಯಾಥೊಲಿಕ್ ಬಿಷಪ್ ಡೇನಿಯಲ್ ಮರ್ಫಿ. ಐರ್ಲೆಂಡಿನವರು. ಮುಂದೆ ಅವರು ಆಸ್ಟ್ರೇಲಿಯಾದ ಹೋಬಾರ್ಟ್‌ಗೆ ಬಿಷಪ್ ಆಗಿ ಹೋದರು. ಆಂಗ್ಲಿಕನ್ ಚರ್ಚಿನ ಸೇಂಟ್ ಜಾರ್ಜ್ಸ್ ಗ್ರಾಮರ್ ಸ್ಕೂಲ್ ಇದಕ್ಕೂ ಹಳೆಯದು, 1834ರದ್ದು.

ಸ್ವಲ್ಪ ಯೋಚಿಸಿ, ಆಗ ನಿಜಾಮರ ದಫ್ತರದ ಭಾಷೆ ಪಾರ್ಸಿ. ಅಲ್ಲಿ ನೌಕರಿ ಬೇಕಾದವನಿಗೆ ಇಂಗ್ಲಿಷ್ ಕಟ್ಟಿಕೊಂಡು ಏನಾಗಬೇಕಿತ್ತು? ಇಂಗ್ಲಿಷ್ ಬೇಕಾಗಿದ್ದದ್ದು ಕೋಠಿಯ ರೆಸಿಡೆನ್ಸಿಗೆ, ಸಿಕಂದರಾಬಾದಿನ ದಂಡಿಗೆ, ಅವುಗಳನ್ನು ನೆಚ್ಚಿಕೊಂಡಿದ್ದ ಕುಟುಂಬಗಳಿಗೆ. ನನ್ನ ಲೆಕ್ಕದಲ್ಲಿ ಶಾಲೆಯ ಭಾಷೆಯನ್ನು ಆರಿಸಿದ್ದು ಆ ನೌಕರಿಯ ದಾರಿ.

'ಮಿಷನ್ ಶಾಲೆ ಅಂದ್ರೆ ಇಂಗ್ಲಿಷ್ ತಾನೇ' ಅಂತೀರಾ? ಹಾಗೇನಿಲ್ಲ. ಅದೇ 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿಳಿದರು. ಅವರಿಗೆ ಊರ ಜನರೇ ಬೈಬಲ್ ಓದಬೇಕಿತ್ತು. ಹಾಗಾಗಿ ಅವರೂ ಕನ್ನಡ ಕಲಿತರು, ಕನ್ನಡ ಶಾಲೆ ತೆರೆದರು, ಅಚ್ಚುಕೂಟ ಇಟ್ಟರು. 1843ರಲ್ಲಿ ಮೋಗ್ಲಿಂಗ್ ಕೈಯಿಂದ ಮಂಗಳೂರ ಸಮಾಚಾರ ಬಂತು, 1894ರಲ್ಲಿ ಕಿಟೆಲ್ ನಿಘಂಟು. ಉದ್ದೇಶ ಮತಪ್ರಚಾರವೇ, ಅದರಲ್ಲೇನೂ ಮುಚ್ಚುಮರೆ ಇಲ್ಲ. ಆದರೆ ಲಾಭ ಕನ್ನಡಕ್ಕೂ ಆಯ್ತು.

ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ಕೈಯಲ್ಲಿ. ಪಾರ್ಸಿ ಹೋಗಿ ಉರ್ದು ಬಂತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದಲ್ಲೇ ಆಯ್ತು. ಬೀದರ್ ಕಡೆಯ ನಮ್ಮಜ್ಜ ಲೆಕ್ಕ, ಇತಿಹಾಸ ಎಲ್ಲ ಉರ್ದುವಿನಲ್ಲಿ ಓದಿದವರು. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರು, ಕಾಗದ ಬರೆಯೋಕೆ ಕೂತರೆ ಕೈ ಉರ್ದುವಿಗೇ ಹೋಗುತ್ತಿತ್ತು.

ಫಾರ್ಮ್‌ನಲ್ಲಿ ನಾನು ತೆಲುಗು ಅಂತ ಟಿಕ್ ಮಾಡಿದೆ. ತೆಲಂಗಾಣದಲ್ಲಿ 2018ರ ಕಾಯ್ದೆ ಪ್ರಕಾರ ಶಾಲೆಯಲ್ಲಿ ತೆಲುಗು ಕಡ್ಡಾಯ. ಅವರ ನೆಲ, ಅವರ ಭಾಷೆ, ನನಗದರಲ್ಲಿ ತಕರಾರಿಲ್ಲ. ಕನ್ನಡದ ಪಾಠ ಭಾನುವಾರ ಬೆಳಿಗ್ಗೆ, ವಿಡಿಯೊ ಕಾಲ್‌ನಲ್ಲಿ, ನಮ್ಮಮ್ಮನಿಂದ. ಹೋದ ವಾರ ಕಾಗುಣಿತ 'ಕೌ'ವರೆಗೆ ಬಂದಿತ್ತು, ಅಷ್ಟರಲ್ಲಿ ನೆಟ್ ಹೋಯ್ತು.