ಸೂರ್ಯಕಾಂತಿ ಹೊಲಕ್ಕೆ ಅಗಲ ಲೆನ್ಸ್ ಬಂದ ಕಥೆ

ಮಳೆಗಾಲದ ಶುರುವಿನಲ್ಲಿ ಗುಂಡ್ಲುಪೇಟೆಯಿಂದ ಹಂಗಳದ ಕಡೆ ಹೋದರೆ ರಸ್ತೆ ಬದಿಯ ಹೊಲಗಳೆಲ್ಲ ಹಳದಿ. ಊಟಿಗೆ ಹೊರಟ ಕಾರುಗಳು ಅಲ್ಲಿ ನಿಲ್ಲುತ್ತವೆ. ಇಳಿದವರಲ್ಲಿ ಹಲವರು ಬದುವಿನ ಮೇಲೆ ನಿಲ್ಲದೆ ಬೆಳೆಯೊಳಗೇ ನುಗ್ಗುತ್ತಾರೆ. ಇದರಲ್ಲಿ ಲೆನ್ಸಿನ ಪಾಲೂ ಇದೆ.

ಹೂವೂ ಕ್ಯಾಮೆರಾವೂ ಹೊರಗಿನಿಂದ ಬಂದವು. ಎಣ್ಣೆಬೀಜದ ಬೆಳೆಯಾಗಿ ಸೂರ್ಯಕಾಂತಿ ಸೋವಿಯತ್ ರಷ್ಯಾದಿಂದ ಭಾರತಕ್ಕೆ ಬಂದದ್ದು 1969ರಲ್ಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಬಿಎಸ್‌ಎಚ್-1 ಹೈಬ್ರಿಡ್ ತಳಿ ಬಂದದ್ದು 1980ರಲ್ಲಿ.

ಕ್ಯಾಮೆರಾದ ಕಥೆ ಅದಕ್ಕಿಂತ ಹಳೆಯದು. ಜರ್ಮನಿಯ ಆಸ್ಕರ್ ಬರ್ನಾಕ್ ಸಿನಿಮಾ ಫಿಲ್ಮಿನ ಎರಡು ಫ್ರೇಮುಗಳ ಜಾಗದಲ್ಲಿ ಒಂದೇ ಫೋಟೊ ತೆಗೆಯುವ ಪುಟ್ಟ ಕ್ಯಾಮೆರಾ ಮಾಡಿದರು. ಅದೇ ಲೈಕಾ, 1925ರಲ್ಲಿ ಮಾರುಕಟ್ಟೆಗೆ ಬಂತು. ಆ 24x36 ಮಿ.ಮೀ. ಅಳತೆಯನ್ನೇ ಇಂದು ‘ಫುಲ್ ಫ್ರೇಮ್’ ಅನ್ನುತ್ತೇವೆ. ಅದರ 50 ಮಿ.ಮೀ. ಲೆನ್ಸಿಗೆ ಅಡ್ಡಡ್ಡ ಕಾಣುತ್ತಿದ್ದದ್ದು ಸುಮಾರು 40 ಡಿಗ್ರಿ.

ಮುಂದೆ ಒಳಗೆ ಕನ್ನಡಿ ಇರುವ ಕ್ಯಾಮೆರಾಗಳು ಬಂದವು. ಅಗಲ ನೋಟದ ಲೆನ್ಸು ಫಿಲ್ಮಿಗೆ ತೀರಾ ಹತ್ತಿರ ಕೂರಬೇಕು, ಕನ್ನಡಿ ಏಳಲು ಜಾಗ ಸಾಲದು. ಫ್ರಾನ್ಸಿನ ಆಂಜೆನಿಯು ಕಂಪನಿ 1950ರಲ್ಲಿ ಇದಕ್ಕೆ ದಾರಿ ಕಂಡುಕೊಂಡಿತು. ಡಿಜಿಟಲ್ ಬಂದಾಗ ಮತ್ತೆ ತೊಡಕು: ಸೆನ್ಸರ್ ಚಿಕ್ಕದಾದ್ದರಿಂದ 24ರ ಲೆನ್ಸು ಸುಮಾರು 36ರಷ್ಟೇ ತೋರಿಸುತ್ತಿತ್ತು. ಕ್ಯಾನನ್‌ನ ಫುಲ್ ಫ್ರೇಮ್ ಕ್ಯಾಮೆರಾಗಳು 2002ರಲ್ಲೂ, ಕಡಿಮೆ ಬೆಲೆಯಲ್ಲಿ 2005ರಲ್ಲೂ ಬಂದ ಮೇಲೆ ಹಳೆಯ ಅಗಲ ಮರಳಿ ಸಿಕ್ಕಿತು.

ಆದರೆ ಅಗಲ ಹೆಚ್ಚಿದಷ್ಟೂ ದೂರದ್ದು ಕುಗ್ಗುತ್ತದೆ. 16ರ ಲೆನ್ಸಿಗೆ ಸುಮಾರು 97 ಡಿಗ್ರಿ ಕಾಣುತ್ತದೆ ನಿಜ, ಆದರೆ ಸುಮಾರು 1,450 ಮೀಟರ್ ಎತ್ತರದ ಗೋಪಾಲಸ್ವಾಮಿ ಬೆಟ್ಟ ಅದರಲ್ಲಿ ಹುತ್ತದಷ್ಟಾಗುತ್ತದೆ. ಹೂವು ದೊಡ್ಡದಾಗಿ ಕಾಣಬೇಕೆಂದರೆ ಅದರ ಮುಖದ ಹತ್ತಿರಕ್ಕೇ ಹೋಗಬೇಕು. ಹಾಗೆ ಕಾಲು ಹೊಲದೊಳಗೆ ಇಳಿಯುತ್ತದೆ.

ಆದ್ದರಿಂದ ಇಲ್ಲಿಗೆ 24ರಿಂದ 35ರ ಲೆನ್ಸೇ ವಾಸಿ. ಬದುವಿನಲ್ಲಿ ನಿಂತೇ ಹೂವು, ಬೆಟ್ಟ, ಮೋಡ ಮೂರೂ ಸಿಗುತ್ತವೆ. ನಿಮ್ಮ ಫೋನಿನ 1x ಬಹುತೇಕ ಇದೇ 24-26ರ ನೋಟ, 0.5x ಒತ್ತಿದರೆ ಬೆಟ್ಟ ಕುಗ್ಗುತ್ತದೆ.

ಫೋಟೊಗೆಂದು ದುಡ್ಡು ಕೇಳುವ ರೈತರ ಮೇಲೆ ಬಂದವರು ಗೊಣಗುವುದುಂಟು. ಕಾಂಡ ಮುರಿದರೆ ಆ ಗಿಡದಲ್ಲಿ ಬೀಜ ಕಟ್ಟುವುದಿಲ್ಲ. ಆ ನಷ್ಟ ಹೊಲದವರದ್ದೇ.