"ಒಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ"

ಈ ಮಾತನ್ನು ಒಮ್ಮೆಯಾದರೂ ಕೇಳದ ಹೆಣ್ಣುಮಕ್ಕಳು ನಮ್ಮಲ್ಲಿ ಕಮ್ಮಿ. ತಿಂಗಳ ಆ ಮೂರು ದಿನ ಹೊಟ್ಟೆ ಹಿಂಡಿ, ವಾಂತಿಯಾಗಿ, ಸ್ಕೂಲಿಗೆ ಹೋಗಲಾರದೆ ಮುದುಡಿ ಮಲಗಿದ ಹುಡುಗಿಗೆ ಮೊದಲು ಒಂದು ಲೋಟ ಜೀರಿಗೆ ಕಷಾಯ, ಆಮೇಲೆ ಈ ಮಾತು. ಇದು ಅಜ್ಜಿಯಂದಿರ ಸಮಾಧಾನದ ಮಾತು ಅಂತ ನಾವೆಲ್ಲ ಸುಮ್ಮನಾಗ್ತೀವಿ. ಆದರೆ ಅಮೆರಿಕದ ಬಾಸ್ಟನ್ನಿನಲ್ಲಿ ಬಹಳ ದೊಡ್ಡ ಹೆಸರಿನ ಪ್ರೊಫೆಸರೊಬ್ಬರು ಹೆಚ್ಚುಕಮ್ಮಿ ಇದನ್ನೇ ವಿಜ್ಞಾನ ಅಂತ ಬರೆದಿದ್ದರು, ಗೊತ್ತಾ? ಆ ಕಥೆಯನ್ನೇ ಇವತ್ತು ಹೇಳ್ತೀನಿ.

ರೋಗದ ಹೆಸರು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯದ ಮೇಲೆ, ಕರುಳಿನ ಮೇಲೆ, ಮೂತ್ರಕೋಶದ ಹತ್ತಿರ ಬೆಳೆಯೋದು. ತಿಂಗಳ ಹಾರ್ಮೋನಿನ ಏರಿಳಿತಕ್ಕೆ ಅದೂ ಕೆರಳುತ್ತೆ. ಉರಿಯೂತ, ಗಾಯದ ಕಲೆ, ಅಂಗಕ್ಕೆ ಅಂಗ ಅಂಟಿಕೊಳ್ಳೋದು, ಎಷ್ಟೋ ಜನಕ್ಕೆ ಮಕ್ಕಳಾಗೋದೇ ಕಷ್ಟ. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 10, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನಕ್ಕೆ ಇದು ಇದೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇಲ್ಲಿ ಅಲ್ ಖುವೈರ್‌ನಲ್ಲಿ ನಮ್ಮ ಕಟ್ಟಡದಲ್ಲೇ ಒಬ್ಬ ಹುಡುಗಿ ಇದ್ದಾಳೆ, ನನ್ನನ್ನು ಆಂಟಿ ಅಂತಾಳೆ. ಊರಲ್ಲಿ ಒಬ್ಬ ಡಾಕ್ಟರು ಗ್ಯಾಸ್ಟ್ರಿಕ್ ಅಂದರಂತೆ, ಇನ್ನೊಬ್ಬರು ಟೆನ್ಶನ್ ಅಂದರಂತೆ. ಹತ್ತು ವರ್ಷ ಆದಮೇಲೆ ನೋವಿಗೆ ಒಂದು ಹೆಸರು ಸಿಕ್ಕಿತು. "ಆಂಟಿ, ರೋಗ ಇದೆ ಅಂತ ಹೇಳಿದಾಗ ನಂಗೆ ಖುಷಿಯಾಯ್ತು. ನಾನು ನಾಟಕ ಮಾಡ್ತಿಲ್ಲ ಅಂತ ಗೊತ್ತಾಯ್ತಲ್ಲ" ಅಂದಳು. ಇಷ್ಟು ಜನಕ್ಕಿರೋ ಕಾಯಿಲೆ ಇಷ್ಟು ವರ್ಷ ಯಾಕೆ ಯಾರ ಕಣ್ಣಿಗೂ ಬೀಳಲ್ಲ ಅಂತ ನಾನು ಹುಡುಕ್ತಾ ಹೋಗಿದ್ದು ಅವಳ ಈ ಮಾತಿನಿಂದಲೇ.

ಮೊದಲು ಈ ಊರಿನದೇ ಚರಿತ್ರೆ ನೋಡೋಣ. 1913ರಲ್ಲಿ ಸಾರಾ ಹಾಸ್ಮನ್ ಎಂಬ ಅಮೆರಿಕದ ವೈದ್ಯೆ ಮಸ್ಕತ್‌ನಲ್ಲಿ ಹೆಂಗಸರು ಮಕ್ಕಳಿಗಾಗಿ ಒಂದು ಕ್ಲಿನಿಕ್ ತೆರೆದರು. ಅವರದು ಒಂದು ಕಾಲು ಮರದ್ದು. ಆ ಕಾಲಿಟ್ಟುಕೊಂಡೇ ಈ ಬಿಸಿಲಿನಲ್ಲಿ, ಈ ಗುಡ್ಡಗಳ ನಡುವೆ ದಶಕಗಳ ಕಾಲ ಕೆಲಸ ಮಾಡಿದರು. ಆಗಿನ ಯುದ್ಧವೆಲ್ಲ ಹೆರಿಗೆಯಲ್ಲಿ ಹೆಂಗಸು ಬದುಕಿ ಉಳಿಯೋದಕ್ಕೆ. ಹೆರಿಗೆಯಾದ ಮೇಲೆ ಯೋನಿಯೊಳಗೆ ಕಲ್ಲುಪ್ಪು ತುಂಬುವ ಪದ್ಧತಿ ಈ ಕೊಲ್ಲಿ ಸೀಮೆಯಲ್ಲಿತ್ತು. ಒಳಗೆ ಗಾಯವಾಗಿ, ಮಾಯುವಾಗ ದಾರಿಯೇ ಕುಗ್ಗಿ, ಮುಂದಿನ ಹೆರಿಗೆ ಪ್ರಾಣಕ್ಕೇ ಬರುತ್ತಿತ್ತು. ಅಂಥ ಕಾಲದಲ್ಲಿ ತಿಂಗಳ ಹೊಟ್ಟೆನೋವನ್ನು ಯಾರು ಲೆಕ್ಕಕ್ಕಿಡ್ತಾರೆ ಹೇಳಿ? 1970ರ ನಂತರ ಒಮಾನ್ ಆಸ್ಪತ್ರೆಗಳನ್ನು ಕಟ್ಟಿದ ವೇಗ ದೊಡ್ಡದು. 1994ರಲ್ಲಿ ಸರ್ಕಾರ ಹೆರಿಗೆಗಳ ನಡುವೆ ಅಂತರ ಕಾಪಾಡುವ ಕಾರ್ಯಕ್ರಮ ಶುರುಮಾಡಿತು. ಬಾಣಂತಿ, ಮಗು ಇಬ್ಬರೂ ಉಳಿಯತೊಡಗಿದರು.

ನಮ್ಮ ಮೈಸೂರು ಸಂಸ್ಥಾನವೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. 1930ರ ಜೂನ್‌ನಲ್ಲಿ ರಾಜ್ಯದ ನಾಲ್ಕು ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಸರ್ಕಾರವೇ ಆದೇಶ ಕೊಟ್ಟಿತು. ಸರ್ಕಾರಿ ಖರ್ಚಿನಲ್ಲಿ ಅಂಥ ಕ್ಲಿನಿಕ್ ನಡೆಸಿದ್ದು ಜಗತ್ತಿನಲ್ಲೇ ಅದು ಮೊದಲು ಅಂತಾರೆ. ಹೆಮ್ಮೆ ಪಡುವಂಥದ್ದೇ. 1935ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಬಂತು.

ಆದರೆ ಒಂದು ಗಮನಿಸಿ. ಮಸ್ಕತ್ ಆಗಲಿ, ಮೈಸೂರಾಗಲಿ, ಹೆಂಗಸಿನ ಆರೋಗ್ಯ ಅಂದರೆ ಹೆರುವುದು, ಇಲ್ಲಾ ಹೆರುವುದನ್ನು ತಡೆಯುವುದು. ಇವತ್ತಿಗೂ ನಾವು "ತಾಯಿ ಮಕ್ಕಳ ಆಸ್ಪತ್ರೆ" ಅಂತೀವಿ. ಹಾಗಾದರೆ ಇನ್ನೂ ತಾಯಿಯಾಗದ, ಮಗುವೂ ಅಲ್ಲದ ಹದಿನಾರರ ಹುಡುಗಿ ಹೊಟ್ಟೆ ಹಿಡ್ಕೊಂಡು ಬಂದರೆ ಯಾವ ಬಾಗಿಲಿಗೆ ಹೋಗಬೇಕು? ಕನ್ನಡದಲ್ಲಿ ಈ ಪ್ರಶ್ನೆಯನ್ನು ಬೇಗ ಅರ್ಥಮಾಡಿಕೊಂಡವರು ಡಾ. ಅನುಪಮಾ ನಿರಂಜನ (1934–1991). "ತಾಯಿ ಮಗು" ಬರೆದು ಅಷ್ಟಕ್ಕೇ ನಿಲ್ಲಿಸಲಿಲ್ಲ ಅವರು, "ಕೇಳು ಕಿಶೋರಿ" ಅಂತ ಹುಡುಗಿಯರಿಗೇ ಬೇರೆ ಪುಸ್ತಕ ಬರೆದರು.

ಈಗ ಬಾಸ್ಟನ್ನಿಗೆ ಹೋಗೋ ಮೊದಲು ನ್ಯೂಯಾರ್ಕ್ ರಾಜ್ಯದ ಆಲ್ಬನಿ. ಅಲ್ಲಿ ಜಾನ್ ಸ್ಯಾಂಪ್ಸನ್ ಎಂಬ ವೈದ್ಯರು ಆಪರೇಷನ್ ಮಾಡುವಾಗ ಅಂಡಾಶಯದಲ್ಲಿ ಕಪ್ಪಗೆ ಗಟ್ಟಿಯಾದ ಹಳೇ ರಕ್ತದ ಗಂಟುಗಳನ್ನು ನೋಡಿ 1921ರಲ್ಲಿ ಅವುಗಳನ್ನು ವಿವರಿಸಿದರು. "ಚಾಕೊಲೇಟ್ ಸಿಸ್ಟ್" ಅಂತ ಡಾಕ್ಟರುಗಳು ಈಗಲೂ ಅನ್ನೋದು ಅದಕ್ಕೇ. ಮುಟ್ಟಿನ ರಕ್ತ ಸ್ವಲ್ಪ ಹಿಂದಕ್ಕೆ, ನಾಳಗಳ ಮೂಲಕ ಹೊಟ್ಟೆಯೊಳಗೆ ಹರಿದು ಅಲ್ಲಿ ಬೇರೂರುತ್ತೆ ಅನ್ನೋದು 1927ರಲ್ಲಿ ಅವರು ಮಂಡಿಸಿದ ವಾದ. ಆದರೆ ಹಾಗೆ ಹಿಂದಕ್ಕೆ ಹರಿಯೋದು ಹೆಚ್ಚಿನ ಎಲ್ಲ ಹೆಂಗಸರಲ್ಲೂ ಇದೆ ಅಂತ 1980ರ ದಶಕದಲ್ಲಿ ಗೊತ್ತಾಯ್ತು. ಹಾಗಿದ್ದರೆ ಹತ್ತರಲ್ಲಿ ಒಬ್ಬರಿಗೆ ಮಾತ್ರ ಯಾಕೆ ರೋಗ? ಇದಕ್ಕೆ ಪೂರ್ತಿ ಉತ್ತರ ಇವತ್ತಿಗೂ ಇಲ್ಲ.

ಬಾಸ್ಟನ್ನಿನ ಪ್ರೊಫೆಸರ್ ಜೋ ವಿನ್ಸೆಂಟ್ ಮೀಗ್ಸ್. ತಮ್ಮ ಖಾಸಗಿ ರೋಗಿಗಳಲ್ಲಿ, ಅಂದರೆ ದುಡ್ಡಿದ್ದ ಹೆಂಗಸರಲ್ಲಿ, ಈ ರೋಗ ಹೆಚ್ಚು, ಬಡವರ ವಾರ್ಡಿನಲ್ಲಿ ಕಮ್ಮಿ ಅಂತ ಅವರು ನೋಡಿದರು. 1940ರ ದಶಕದಲ್ಲಿ ಅದರಿಂದ ತೆಗೆದ ತೀರ್ಮಾನ: ಓದಿದ ಹೆಂಗಸರು ತಡವಾಗಿ ಮದುವೆಯಾಗ್ತಾರೆ, ತಡವಾಗಿ ಹೆರುತ್ತಾರೆ, ಅದಕ್ಕೇ ರೋಗ. ಬೇಗ ಮದುವೆ, ಬೇಗ ಮಕ್ಕಳು, ಇದೇ ಮದ್ದು! ಕೆಲಸಕ್ಕೆ ಹೋಗುವ ಹೆಂಗಸಿನ ಕಾಯಿಲೆ ಅಂತ ಇದಕ್ಕೆ ಹೆಸರೂ ಅಂಟಿತು. ನಮ್ಮಜ್ಜಿ ಇಂಗ್ಲಿಷ್ ಓದಿದವರಲ್ಲ, ಮೀಗ್ಸ್ ನಮ್ಮಜ್ಜಿಯನ್ನು ಕಂಡವರಲ್ಲ. ಆದರೂ ಇಬ್ಬರ ಬಾಯಲ್ಲೂ ಒಂದೇ ಮಾತು.

ಲೆಕ್ಕದಲ್ಲಿ ತಪ್ಪೆಲ್ಲಿತ್ತು ಅಂತ 1976ರಲ್ಲಿ ತೋರಿಸಿಕೊಟ್ಟವರು ಶಿಕಾಗೋದ ಡಾ. ಡೊನಾಲ್ಡ್ ಚಾಟ್‌ಮನ್. ಕಪ್ಪು ಹೆಂಗಸರಿಗೆ ಈ ರೋಗ ಬರೋದೇ ಅಪರೂಪ ಅಂತ ಪಠ್ಯಪುಸ್ತಕಗಳೇ ಹೇಳುತ್ತಿದ್ದವು. ಅವರಿಗೆ ಹೊಟ್ಟೆನೋವು ಬಂದರೆ ಲೈಂಗಿಕ ಸೋಂಕು ಅಂತ ಬರೆದು ಕಳಿಸುತ್ತಿದ್ದರು. ಚಾಟ್‌ಮನ್ ಲ್ಯಾಪ್ರೊಸ್ಕೋಪ್ ಹಾಕಿ ಒಳಗೆ ನೋಡಿದರು. ಹಾಗೆ ಸೋಂಕಿನ ಹಣೆಪಟ್ಟಿ ಹೊತ್ತವರಲ್ಲಿ ಐದರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಇದ್ದದ್ದು ಎಂಡೊಮೆಟ್ರಿಯೋಸಿಸ್. ಅಷ್ಟೇ ನೋಡಿ. ದುಡ್ಡಿದ್ದವರ ಹೊಟ್ಟೆಯನ್ನು ತೆರೆದು ನೋಡಿದರು, ಅಲ್ಲಿ ಸಿಕ್ಕಿತು. ಉಳಿದವರ ಹೊಟ್ಟೆಯನ್ನು ನೋಡಲೇ ಇಲ್ಲ, ಹಾಗಾಗಿ ಅವರಿಗೆ ರೋಗವೇ ಇಲ್ಲ ಅಂತಾಯ್ತು.

ನೋಡದೆ ಬಿಡೋದು ಒಂದು ತಪ್ಪಾದರೆ, ನೋಡದೇ ಕತ್ತರಿಸೋದು ಇನ್ನೊಂದು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಗರ್ಭಕೋಶ ತೆಗೆದ ಸುದ್ದಿ 2015ರ ಹೊತ್ತಿಗೆ ಕರ್ನಾಟಕವನ್ನೇ ಬೆಚ್ಚಿಬೀಳಿಸಿತ್ತು. ಬಿಳಿಸೆರಗು, ಸೊಂಟನೋವು, ಹೊಟ್ಟೆನೋವು ಅಂತ ಖಾಸಗಿ ಆಸ್ಪತ್ರೆಗೆ ಹೋದವರು ಗರ್ಭಕೋಶ ಕಳೆದುಕೊಂಡು ಬಂದರು. ಅದರಲ್ಲಿ ಎಷ್ಟೋ ಜನ ಇನ್ನೂ ಚಿಕ್ಕ ವಯಸ್ಸಿನವರು. ತನಿಖೆಗಳಾದವು, ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದರು. ಬಿಹಾರ, ರಾಜಸ್ಥಾನ, ಛತ್ತೀಸ್‌ಗಢದಲ್ಲಿ ನಡೆದ ಇಂಥದ್ದೇ ಪ್ರಕರಣಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ, ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಹೇಳಿತು.

ಇರಲಿ, ಒಳ್ಳೆಯ ಸುದ್ದಿಯೂ ಇದೆ. ಒಂದು ಕಾಲದಲ್ಲಿ ಹೊಟ್ಟೆಗೆ ತೂತು ಮಾಡಿ ಲ್ಯಾಪ್ರೊಸ್ಕೋಪ್ ಹಾಕಿ ನೋಡಿದರೆ ಮಾತ್ರ ಖಾತ್ರಿ ಅನ್ನುತ್ತಿದ್ದರು. ಈಗ ಲಕ್ಷಣ ಕೇಳಿ, ಪರೀಕ್ಷೆ ಮಾಡಿ, ಸ್ಕ್ಯಾನಿಂಗ್ ನೋಡಿ ಚಿಕಿತ್ಸೆ ಶುರುಮಾಡಬಹುದು ಅಂತ ಯುರೋಪಿನ ತಜ್ಞರ 2022ರ ಮಾರ್ಗಸೂಚಿ ಹೇಳುತ್ತೆ. ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ ನಿಜ, ಆದರೆ ನೋವನ್ನು ಹಿಡಿತಕ್ಕೆ ತರುವ ಮಾತ್ರೆಗಳಿವೆ, ಹಾರ್ಮೋನು ಚಿಕಿತ್ಸೆ ಇದೆ, ಬೇಕಾದಾಗ ಆಪರೇಷನ್ ಇದೆ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಸಾಲಿದೆ, ಅದನ್ನು ನಮ್ಮ ಮನೆಗಳಲ್ಲಿ ಗೋಡೆಗೆ ಬರೆದು ಹಾಕಬೇಕು: ಈ ರೋಗಕ್ಕೆ ಮದ್ದು ಅಂತ ಹೇಳಿ ಯಾರಿಗೂ ಬಸಿರಾಗುವ ಸಲಹೆ ಕೊಡಬಾರದು. ಮೀಗ್ಸ್ ಸಾಹೇಬರ ಮಾತು ಅಳಿಸಿಹೋಗೋಕೆ ಎಂಬತ್ತು ವರ್ಷ ಬೇಕಾಯ್ತು ನೋಡಿ.

ನಿಮ್ಮ ಮನೆಯಲ್ಲಿ ಹೆಣ್ಣುಮಗಳಿದ್ದು, ಪ್ರತಿ ತಿಂಗಳೂ ನೋವಿಗೆ ಸ್ಕೂಲು ತಪ್ಪುತ್ತಿದ್ದರೆ, ಸಾಮಾನ್ಯ ಮಾತ್ರೆಗೆ ಬಗ್ಗದಿದ್ದರೆ, ದಯವಿಟ್ಟು ಒಂದು ಪುಸ್ತಕದಲ್ಲಿ ತಾರೀಖು, ನೋವು ಎಲ್ಲಿ, ಎಷ್ಟು ಹೊತ್ತು, ಮೂತ್ರಕ್ಕೆ ಕಕ್ಕಸಿಗೆ ಹೋಗುವಾಗಲೂ ಇದೆಯಾ ಅಂತ ಬರೆದಿಡಿ. ಆ ಪುಸ್ತಕ ತಗೊಂಡು ಹೋಗಿ ಸ್ತ್ರೀರೋಗ ತಜ್ಞರನ್ನು ನೇರವಾಗಿ ಕೇಳಿ, "ಇದು ಎಂಡೊಮೆಟ್ರಿಯೋಸಿಸ್ ಇರಬಹುದಾ?" ಅಂತ. ಒಬ್ಬರು ತಳ್ಳಿಹಾಕಿದರೆ ಇನ್ನೊಬ್ಬರ ಹತ್ತಿರ ಹೋಗಿ. ಕಷಾಯ ಬೇಕಾದರೆ ಕುಡಿಸಿ, ತೊಂದರೆಯಿಲ್ಲ. ಅದರ ಜೊತೆಗೆ ಬರುವ ಆ ಮಾತನ್ನು ಮಾತ್ರ ಹೇಳಬೇಡಿ.