ಉಜ್ಜಿದರೂ ಹೋಗದ ಕಲೆ

ಹಲ್ಲು ಬೆಳ್ಳಗಿರಬೇಕೆಂಬ ಆಸೆ ಇಂದು ನಿನ್ನೆಯದಲ್ಲ. ಟೂತ್‌ಪೇಸ್ಟ್ ಬರುವ ಮೊದಲು ಬೇವಿನ ಕಡ್ಡಿ, ಇದ್ದಿಲು, ಉಪ್ಪು, ಬೂದಿಗಳೇ ಆ ಕೆಲಸ ಮಾಡುತ್ತಿದ್ದವು. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಲಿನ ಹಳ್ಳಿಗಳಲ್ಲಿ ಯಾವುದರಿಂದ ಉಜ್ಜಿದರೂ ಹೋಗದ ಕಂದು ಕಲೆಯ ಹಲ್ಲುಗಳು ಕಾಣಸಿಗುತ್ತವೆ. ಅದು ಸೋಮಾರಿತನದ ಗುರುತಲ್ಲ. ಕುಡಿದ ನೀರಿನಲ್ಲಿದ್ದ ಫ್ಲೋರೈಡ್‌ನ ಗುರುತು.

ಈ ಕಲೆಯ ಗುಟ್ಟು ಬಯಲಾದದ್ದು ಅಮೆರಿಕದಲ್ಲಿ. 1901ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಪಟ್ಟಣಕ್ಕೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ, ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಇಂಥ ಕಲೆ ಕಂಡರು. ನೀರೇ ಕಾರಣವೆಂಬ ಗುಮಾನಿ ಖಚಿತವಾಗಲು ಮೂರು ದಶಕ ಬೇಕಾಯಿತು. 1931ರಲ್ಲಿ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್ ಕಲೆ ಕಂಡ ಊರುಗಳ ನೀರಿನಲ್ಲಿ ಹೆಚ್ಚಿನ ಫ್ಲೋರೈಡ್ ಪತ್ತೆ ಹಚ್ಚಿದರು. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ, ಫ್ಲೋರೈಡ್ ಮೂಳೆಗಳನ್ನೂ ಬಾಧಿಸುತ್ತದೆಂಬ ವರದಿ ಬಂತು.

ಚಿತ್ರದುರ್ಗದ ಕಥೆಯೂ ನೆಲದಡಿಯದೇ. ಇಲ್ಲಿನ ಬಂಡೆಗಳಲ್ಲಿರುವ ಫ್ಲೋರೈಡ್ ಅಂತರ್ಜಲದಲ್ಲಿ ಕರಗುತ್ತದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕೆರೆ, ಸೇದುವ ಬಾವಿಗಳ ಜಾಗಕ್ಕೆ ಕೊಳವೆ ಬಾವಿಗಳು ಬಂದಂತೆ ಜನ ಆ ನೀರನ್ನೇ ನೆಚ್ಚಿಕೊಂಡರು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ.

ಹಾನಿಯಾಗುವುದು ಸುಮಾರು 8 ವರ್ಷದೊಳಗೆ, ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗ. ಕಲೆ ಹಲ್ಲಿನ ಹೊರಕವಚದಲ್ಲೇ ಇರುವುದರಿಂದ ಬೂದಿ, ಇದ್ದಿಲಿನಿಂದ ತಿಕ್ಕಿದರೆ ಸವೆಯುವುದು ಹಲ್ಲೇ. ನಿಂಬೆರಸದ ಹುಳಿಯೂ ಕವಚವನ್ನು ಕೊರೆಯುತ್ತದೆ.

ದಂತವೈದ್ಯರಲ್ಲಿ ಕೆಲವು ದಾರಿಗಳಿವೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಳುಪಾಗಿಸುವುದು ಒಂದು. ವೈದ್ಯರು ಅಳತೆ ತೆಗೆದು ಕೊಟ್ಟ ಅಚ್ಚಿನಲ್ಲಿ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ ರಾತ್ರಿ ಧರಿಸುವ ಮನೆಯ ವಿಧಾನ 1989ರಲ್ಲಿ ಪ್ರಕಟವಾಯಿತು. ಇವು ಕಂದು ಬಣ್ಣವನ್ನು ತಕ್ಕಮಟ್ಟಿಗೆ ತಿಳಿಯಾಗಿಸುತ್ತವೆ. ಸುಣ್ಣದಂಥ ಬಿಳಿ ಮಚ್ಚೆಗಳನ್ನು ಅಳಿಸುವುದಿಲ್ಲ. ಮೇಲ್ಪದರದ ಕಲೆಯನ್ನು ಆಮ್ಲದಿಂದ ನವಿರಾಗಿ ಉಜ್ಜಿ ತೆಗೆಯಬಹುದು. ಗುಳಿ ಬಿದ್ದ ಹಲ್ಲಿಗೆ ಹೊದಿಕೆಯೇ ಗತಿ. ಇವೆಲ್ಲ ಖರ್ಚಿನ ಮಾತು.

ಮುಂದಿನ ಪೀಳಿಗೆಯ ಮಟ್ಟಿಗೆ ಅಗ್ಗದ ಮದ್ದು ಒಳ್ಳೆಯ ನೀರು. ವಾಣಿವಿಲಾಸ ಸಾಗರದ ನೀರು ಹಿರಿಯೂರು, ಚಿತ್ರದುರ್ಗ ಪಟ್ಟಣಗಳಿಗೆ ಹರಿಯುತ್ತದೆ. ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳು ಬಂದಿವೆ. ಒಂದು ಮಾತು ನೆನಪಿರಲಿ: ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಘಟಕ ಕೆಟ್ಟು ನಿಂತ ದಿನಗಳಲ್ಲಿ ಮಕ್ಕಳು ಮತ್ತೆ ಕೊಳವೆ ಬಾವಿಯ ನೀರು ಕುಡಿದರೆ, ಅದರ ಲೆಕ್ಕ ಅವರ ಹಲ್ಲುಗಳಲ್ಲಿ ಬರೆದುಹೋಗುತ್ತದೆ.